ಕಾಳಪ್ಪನವರ ಹೀರೇಕಾಯಿ

ಒಣಗಿದ ಹೀರೇಕಾಯಿ ಕಂಡರೆ ಕಾಳಪ್ಪನವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸದೆ ಬಿಡುತ್ತಿರಲಿಲ್ಲ. ಒಳಗೆ ಬೀಜ ಗಲಗಲ ಎಂದರೆ ಆ ಗಡಸು ಮುಖ ಅರಳುತ್ತಿತ್ತು. ಬಾಗಲಕೋಟೆ ಕಡೆಯ ಶಿಲ್ಪಿ. ಕಲೆ ಕಲಿಯಲು ವಡೋದರಾಕ್ಕೆ ಬಂದವರು ಅಲ್ಲೇ ಉಳಿದು, ಮಕರಪುರದ ಒಂದು ಶೆಡ್ಡಿನಲ್ಲಿ ಕಬ್ಬಿಣ ಬೆಸೆಯುತ್ತಿದ್ದರು. ನಾನು ವಿಮಾ ಕಚೇರಿಯ ವರ್ಗಾವಣೆಯಲ್ಲಿ ಆ ಊರು ಸೇರಿದವಳು.

ಮೊದಲ ಸಲ ನಮ್ಮಲ್ಲಿ ಊಟಕ್ಕೆ ಬಂದಾಗ ಸಿಂಕಿನಲ್ಲಿ ಹೀರೇಕಾಯಿಯ ನಾರು ನೋಡಿ ಊಟವನ್ನೇ ಮರೆತರು. "ಇದರಾಗ ಪಾತ್ರಿ ತಿಕ್ಕತೀರೇನ್ರೀ? ಇಂಥಾ ಹೆಣಿಗಿ ಮನಷ್ಯಾಗ ಬರಂಗಿಲ್ರಿ" ಎಂದು ಅದನ್ನು ತೊಳೆದು ಜೇಬಿಗಿಟ್ಟುಕೊಂಡು ಹೋದರು. ಮರುದಿನ ನಾನು ಅಂಗಡಿಯಿಂದ ಸ್ಕ್ರಬ್ಬರ್ ತಂದೆ.

ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಒಂದು ಅಪಾರ್ಟ್‌ಮೆಂಟಿನ ಅಂಗಳಕ್ಕೆ ಶಿಲ್ಪ ಬೇಕೆಂದಾಗ, ಎರಡು ವರ್ಷ ಕೂತು ಮೂರಾಳೆತ್ತರದ ಹೀರೇಕಾಯಿ ನಾರು ಮಾಡಿದರು. ಬರೀ ಸರಳು, ತಂತಿ, ನಡುವೆಲ್ಲ ಟೊಳ್ಳು. ಒಣಗಿದ ಹೀರೇಕಾಯಿಯ ತುದಿ ಕಳಚಿ ಬೀಜ ಉದುರುತ್ತದಲ್ಲ, ಹಾಗೆ ಕೆಳಗೊಂದು ಬಾಯಿ ಬಿಟ್ಟಿದ್ದರು. ಬಗ್ಗಿ ಒಳಹೊಕ್ಕು ನಿಂತರೆ ತಲೆಯ ಮೇಲೆ ಚೂರುಚೂರು ಆಕಾಶ. "ಬಾಯಿನ ಮುಖ್ಯ ನೋಡ್ರಿ. ಅದಿಲ್ಲಂದ್ರ ಇದು ಪಂಜರ" ಎನ್ನುತ್ತಿದ್ದರು.

ಮರುವರ್ಷ ಮಳೆಗಾಲದಲ್ಲಿ ಅದರೊಳಗೆ ಹಾವು ಕಂಡಿತಂತೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯ ಕರೆ ಬಂತು, ಕೆಳಗಿನ ಬಾಯಿ ಮುಚ್ಚಬೇಕಂತೆ. "ನನ್ನ ಹಿಂದಿ ಕೇಳಿ ನಗ್ತಾರ, ನೀವೂ ಬರ್ರಿ" ಎಂದು ನನ್ನನ್ನೂ ಕರೆದೊಯ್ದರು. ಬಾಗಿಲು ಇಡೋಣ, ಬೀಗ ಹಾಕೋಣ ಎಂದು ನಾನು ವಾದಿಸಿದ್ದೇ ವಾದಿಸಿದ್ದು. ಕಾರ್ಯದರ್ಶಿ ಕೆಟ್ಟವರಲ್ಲ, ಚಹಾ ಕುಡಿಸಿದರು. "ಬೆಹನ್‌ಜೀ, ಬಚ್ಚೋಂ ಕಾ ಸವಾಲ್ ಹೈ. ಆಪ್ ನಹೀ ಕರೇಂಗೆ ತೋ ಹಮ್ ವೆಲ್ಡರ್ ಬುಲಾ ಲೇಂಗೆ" ಎಂದರು. ಮಕ್ಕಳ ಪ್ರಶ್ನೆ, ನೀವು ಮುಚ್ಚದಿದ್ದರೆ ನಾವೇ ವೆಲ್ಡರ್ ಕರೆಸುತ್ತೇವೆ ಎಂಬ ಮಾತು.

"ಬ್ಯಾರೇದವ ಯಾಕ? ನನ್ನ ಕೈಲೇ ಆಗ್ಲಿ" ಎಂದ ಕಾಳಪ್ಪನವರು ಸರಳು, ತಂತಿ ತರಿಸಿ, ಮೊಣಕಾಲೂರಿ, ತಾವೇ ಬೆಸೆದು ಮುಚ್ಚಿದರು. ಅಲ್ಲೊಂದು ತೆರಪು ಇತ್ತೆಂದು ಗುರುತೇ ಸಿಗದಷ್ಟು ನಯವಾದ ಬೆಸುಗೆ. ವಾಪಸು ಬರುವಾಗ, ವಾದಿಸದೆ ಒಪ್ಪಿಬಿಟ್ಟರಲ್ಲ ಎಂದು ನನಗೆ ಅವರ ಮೇಲೆಯೇ ಸಿಟ್ಟು ಬಂದಿತ್ತು. ಆಮೇಲೆ ಆ ಸಿಟ್ಟಿಗೆ ನಾಚಿಕೆಯೂ ಆಯಿತು.

ಆ ಶೆಡ್ಡಿನಲ್ಲಿ ಮತ್ತೆ ಗೇಟು, ಕಿಟಕಿ ಗ್ರಿಲ್ಲು ಬಿಟ್ಟು ಬೇರೇನೂ ಹುಟ್ಟಲಿಲ್ಲ. ನನಗೆ ಮೈಸೂರಿಗೆ ವರ್ಗವಾದಾಗ, ಬಾಲ್ಕನಿಯ ಬಳ್ಳಿಯಲ್ಲಿ ಒಣಗಿದ್ದ ಹೀರೇಕಾಯಿಯೊಂದನ್ನು ಹಿಡಿದು ಹೇಳಿಬರಲು ಹೋದೆ. ಗ್ರಿಲ್ಲಿಗೆ ಬಣ್ಣ ಬಳಿಯುತ್ತಿದ್ದವರು ಎದ್ದು ಬಂದು ಅದನ್ನು ಇಸಿದುಕೊಂಡರು. ಕಿವಿಗೆ ಹಿಡಿಯುತ್ತಾರೆಂದು ಕಾದೆ. ಹಿಡಿಯಲಿಲ್ಲ.

"ನೀವ ಇಟ್ಕೋರಿ ಅಕ್ಕಾರ," ಎಂದು ಅದನ್ನು ನನ್ನ ಚೀಲಕ್ಕೇ ಹಾಕಿದರು. "ಪಾತ್ರಿ ತಿಕ್ಕಾಕ ಚಲೋ ಆಗ್ತೈತಿ."