ಡಾಕ್ಟರಮ್ಮನಿಗಾಗಿ ತೆರೆದಿಟ್ಟ ಸರ್ವರ್

ಅಟ್ಟದಿಂದ ಇಳಿಸಿದ ಕೊಬ್ಬರಿ ಸುಲಿಯುವಾಗ ಏಳುವ ಒಣ ಮಟ್ಟೆಯ ಘಾಟು ಮೂಗಿಗೆ ಬಡಿದರೆ ಸಾಕು, ದಬ್ಬೇಘಟ್ಟದ ನಮ್ಮ ಡಾಕ್ಟರಮ್ಮನ ಕ್ಲಿನಿಕ್ಕು ನೆನಪಾಗುತ್ತದೆ. ಕೆಳಗೆ ರೋಗಿಗಳು, ಮೇಲೆ ಮನೆ ಮಾಲೀಕರ ಕೊಬ್ಬರಿ ಅಟ್ಟ. ಔಷಧಿಯ ವಾಸನೆಗಿಂತ ಅದೇ ಜೋರು.

ರೋಗಿಗಳ ಬಿಪಿ, ಸಕ್ಕರೆ, ಮಾತ್ರೆ ಎಲ್ಲವನ್ನೂ ಡಾಕ್ಟರಮ್ಮ ಅಲ್ಲಿನ ಸರ್ವರ್ ಕಂಪ್ಯೂಟರಿನ ಡೇಟಾಬೇಸಿನಲ್ಲಿ ಇಟ್ಟಿದ್ದರು. ಅದನ್ನು ಹಾಕಿಕೊಟ್ಟವನು ತಿಪಟೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಾನು. ಅವರಿಗೇ ಕ್ಯಾನ್ಸರ್ ಬಂದು ಮೈಸೂರಿನ ಆಸ್ಪತ್ರೆ ಸೇರಿದಾಗ ಫೋನ್ ಮಾಡಿದರು.

“ಮಲಗಿದ್ದಲ್ಲೇ ನನ್ನ ಪೇಶೆಂಟ್‌ಗಳನ್ನ ನೋಡ್ಬೇಕು ಕಣಪ್ಪ. ಇಲ್ಲಿಂದ ಆ ಸರ್ವರ್ ಸಿಗೋ ಹಂಗೆ ಮಾಡ್ಕೊಡು. ಸುಮ್ನೆ ಬಿದ್ಕೊಂಡಿದ್ರೆ ಹುಚ್ಚು ಹಿಡಿಯುತ್ತೆ.”

ಕೆಲಸವೇನೂ ದೊಡ್ಡದಲ್ಲ. ತನ್ನೊಳಗಿನ ಮಾತನ್ನು ಮಾತ್ರ ಕೇಳುತ್ತಿದ್ದ ಸರ್ವರು ಹೊರಗಿನ ಕರೆಗೂ ಓಗೊಡುವಂತೆ ಸೆಟ್ಟಿಂಗ್ ಬದಲಿಸಿದೆ. ಅವರ ಲ್ಯಾಪ್‌ಟಾಪಿಗೆ ಮಾತ್ರ ಅನುಮತಿ ಬರೆದು, ಫೈರ್‌ವಾಲಿನಲ್ಲಿ ಪೋರ್ಟ್ ಎಂಬ ದಾರಿ ತೆರೆದೆ. ಮಧ್ಯಾಹ್ನ ಅವರ ಮಗಳ ಕೈಯಲ್ಲಿ ಪರೀಕ್ಷೆ ಮಾಡಿಸಿದಾಗ ಸಲೀಸಾಗಿ ಸಿಕ್ಕಿತು.

ಸಂಜೆ ಸಿಗಲಿಲ್ಲ. ಮರುದಿನ ಸಂಜೆಯೂ ಇಲ್ಲ. ಹಗಲೆಲ್ಲ ಅವರಿಗೆ ಔಷಧಿಯ ಮಂಪರು, ಎಚ್ಚರ ಇರುತ್ತಿದ್ದುದೇ ಸಂಜೆ ಹೊತ್ತು... ನಾನು ಪಾಸ್‌ವರ್ಡು, ಪೋರ್ಟು ಅಂತ ತಡಕಾಡಿ ಸುಸ್ತಾದೆ. ಕೊನೆಗೆ ರೇಗಿ ದಬ್ಬೇಘಟ್ಟದ ಬಸ್ಸು ಹತ್ತಿದೆ. ಹೋಗಿ ನೋಡಿದರೆ, ಹಗಲೆಲ್ಲ ಕ್ಲಿನಿಕ್ಕು ತೆರೆದಿಟ್ಟಿರುತ್ತಿದ್ದ ಆಯಾ ಸಂಜೆ ಬೀಗ ಹಾಕುವ ಮುಂಚೆ ಮೇನ್ ಸ್ವಿಚ್ಚನ್ನೇ ಇಳಿಸುತ್ತಿದ್ದಳು!

“ಅಯ್ಯೋ, ಮ್ಯಾಲೆ ಕೊಬ್ಬರಿ ಐತಲ್ಲಣ್ಣ! ಕಿಡಿ ಗಿಡಿ ಬಿದ್ರೆ ಏನ್ ಗತಿ? ಕರೆಂಟು ತೆಗ್ದೇ ಬೀಗ ಹಾಕು ಅಂತ ಅಮ್ಮಾರೇ ಹೇಳಿದ್ದು.”

ನಮ್ಮ ಕಡೆ ಅಟ್ಟದಲ್ಲಿ ಕೊಬ್ಬರಿ ಇಟ್ಟವರೆಲ್ಲ ಮಾಡುವುದೂ ಅದನ್ನೇ. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಎಂಥ ಹಾಳು ಗ್ರಹಚಾರ ನೋಡಿ! ಮಾಲೀಕರನ್ನು ಕಾಡಿ ಬೇಡಿ ಸರ್ವರಿಗೆ ಆ ಮೇನ್ ಸ್ವಿಚ್ಚಿಗೆ ಸೇರದ ಬೇರೆ ಲೈನ್ ಎಳೆಸಿದೆ. ಇನ್ನು ಸಂಜೆಯೂ ಸಿಗುತ್ತದೆ ಎಂದು ಹೇಳಲು ಫೋನ್ ಮಾಡಿದರೆ ಮಗಳು ಎತ್ತಿದಳು. ಅಮ್ಮನಿಗೆ ಬೆಳಗಿನಿಂದ ಪ್ರಜ್ಞೆ ಇಲ್ಲ ಅಂದಳು. ಆ ಪ್ರಜ್ಞೆ ಮತ್ತೆ ಬರಲೂ ಇಲ್ಲ...

ದಬ್ಬೇಘಟ್ಟಕ್ಕೆ ಬೇರೆ ಡಾಕ್ಟರ್ ಬರಲಿಲ್ಲ. ಅವರ ರೋಗಿಗಳು ಈಗ ತುರುವೇಕೆರೆಗೆ ಅಲೆಯುತ್ತಾರೆ. ಕ್ಲಿನಿಕ್ಕು ಖಾಲಿ ಮಾಡಬೇಕು, ಕಂಪ್ಯೂಟರ್ ತೆಗೆದುಬಿಡಿ ಎಂದು ಮಗಳು ಹೇಳಿದ್ದರಿಂದ ಮೊನ್ನೆ ಅಲ್ಲಿಗೆ ಹೋಗಿದ್ದೆ. ಡಾಕ್ಟರಮ್ಮನಿಗೆ ಬರೆದಿದ್ದ ಅನುಮತಿಯ ಆ ಒಂದು ಸಾಲನ್ನು ಅಳಿಸಬೇಕಾಯಿತು. ಅಳಿಸಿದೆ. ಆಯಾ ಹೊರಗೆ ಕಾಯುತ್ತಿದ್ದಳು, ನಾನು ಒಳಗೆ ಕೂತು ಅತ್ತುಬಿಟ್ಟೆ. ಬೇರೆ ಲೈನ್ ಎಳೆಸಿದ ಮೇಲೆ ಒಂದು ಸಂಜೆಯೂ ಕೆಡದೆ ತೆರೆದೇ ಇದ್ದ ಆ ದಾರಿಯಲ್ಲಿ ಅವರು ಒಮ್ಮೆಯೂ ಬರಲಿಲ್ಲ.