ಅನ್ನದ ದಾರಿ, ಉಸಿರಿನ ದಾರಿ

ನನ್ನವ್ವನನ್ನು ಯಾರಾದರೂ ‘ಓದು ಬರಹ ಇಲ್ಲದ ಹೆಂಗಸು’ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶಿಕಾರಿಪುರದ ಆ ಅಕ್ಕಿ ಗಿರಣಿಯಲ್ಲಿ ಯಾರ ತಲೆಗೂ ಹೊಳೆಯದ್ದು ಹೊಳೆದದ್ದು ಅವಳಿಗೆ.

ಐವತ್ತರ ದಶಕದ ಕೊನೆ. ಅಪ್ಪ ತೀರಿಕೊಂಡಿದ್ದರು. ಅವ್ವ ಗಿರಣಿಯಲ್ಲಿ ಅಕ್ಕಿ ಕೇರಿ ನನ್ನನ್ನು ಸಾಕುತ್ತಿದ್ದಳು. ಕೇರುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಗಾಳಿಯಾಡಿದರೆ ತೌಡು ಹಾರಿಹೋಗುತ್ತದೆಂದು ಸಾಹುಕಾರರು ಇಡಿಸಿರಲಿಲ್ಲ. ಸಂಜೆ ಹೊರಬರುವ ಹೆಂಗಸರ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗೆ. ಬಾಗಿಲಲ್ಲಿ ಸಾಹುಕಾರರು ಅವರ ಕೈಗೆ ಒಂದೊಂದು ತುಂಡು ಬೆಲ್ಲ ಹಾಕುತ್ತಿದ್ದರು. ಬೆಲ್ಲ ತಿಂದರೆ ಎದೆಯ ಧೂಳು ಹೊಟ್ಟೆಗಿಳಿದು ಹೋಗುತ್ತದೆಂದು ಎಲ್ಲರೂ ನಂಬಿದ್ದರು. ನಾನಂತೂ ಆ ಬೆಲ್ಲಕ್ಕೇ ಕಾದು ಕೂತಿರುತ್ತಿದ್ದೆ.

ಅವ್ವನಿಗೆ ಕೆಮ್ಮು ಹತ್ತಿತು. ಕೆರೆಯಿಂದ ಕೊಡ ಹೊತ್ತು ಬರುವಾಗ ಏರಿಯ ಮೇಲೆ ಎರಡೆರಡು ಸಲ ಕೂರುತ್ತಿದ್ದಳು. ಇವಳೂ ಹೋದರೆ ನನಗ್ಯಾರು ಎಂದು ನನಗೆ ಜೀವವೇ ಹಾರಿಹೋಗುತ್ತಿತ್ತು.

ಒಂದು ದಿನ ಊಟದಲ್ಲಿ ನಗಲು ಹೋಗಿ ನನಗೆ ಅನ್ನ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ನೆತ್ತಿ ತಟ್ಟುತ್ತಿದ್ದ ಅವ್ವ ಹಾಗೇ ನಿಂತುಬಿಟ್ಟಳು.

“ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ಅನ್ನ ದಾರಿ ತಪ್ಪಿದ್ಕೆ ತಾನೆ ಹಿಂಗೆ ಕೆಮ್ತಿ? ಅಂದ್ರೆ ಅನ್ನದ ದಾರಿ ಬ್ಯಾರೆ, ಉಸಿರಿನ ದಾರಿ ಬ್ಯಾರೆ. ಬೆಲ್ಲ ಹೋಗೋ ದಾರೀಲಿ ಧೂಳು ಎಲ್ಲೈತೆ?”

ಮರುದಿನ ಬೆಲ್ಲವನ್ನು ಸಾಹುಕಾರರಿಗೇ ವಾಪಸು ಕೊಟ್ಟಳು. “ಇದು ಬ್ಯಾಡ್ರೀ ಸಾವ್ಕಾರ್ರೇ. ಗೋಡೆಗೆ ಎರಡು ಕಿಟಕಿ ಇಡಿಸ್ರೀ.”

ಅವರು ಹೊಟ್ಟೆ ಹಿಡಿದು ನಕ್ಕರು. “ಡಾಕ್ಟ್ರಿಕೆ ಯಾವಾಗ ಕಲ್ತೆ ಮಾರಾಯ್ತಿ? ತೌಡೆಲ್ಲ ಹಾರಿಹೋದ್ರೆ ನಿಮ್ಮಪ್ಪ ಕೊಡ್ತಾನೇನು?”

“ತೌಡು ನಾಳೆನೂ ಬರ್ತದೆ. ಉಸಿರು ಹೋದ್ರೆ ನೀವು ತಂದ್ಕೊಡ್ತೀರೇನ್ರೀ?”

ಮಾರನೆಯ ಬೆಳಿಗ್ಗೆ ಅವಳು ಮೊರ ಎತ್ತಿಕೊಂಡು ಗಿರಣಿಯ ಅಂಗಳದಲ್ಲೇ ಕೇರಲು ಕೂತಳು. ಕೆಲಸ ಹೋದರೆ ನಮ್ಮ ಒಲೆ ಉರಿಯುವಂತಿರಲಿಲ್ಲ. ಮಧ್ಯಾಹ್ನದೊಳಗೆ ಒಬ್ಬೊಬ್ಬರೇ ಹೆಂಗಸರು ಬಂದು ಅವಳ ಪಕ್ಕ ಕೂತರು. ಬಯಲಿನ ಗಾಳಿಗೆ ತೌಡು ಬೀದಿಯುದ್ದಕ್ಕೂ ಹಾರಿತು. ಮೂರನೆಯ ದಿನ ಸಾಹುಕಾರರು ಗಾರೆಯವನನ್ನು ಕರೆಸಿ, “ಒಳಗ್ ಬರ್ರವ್ವಾ, ನಿಮ್ಮ ಕಾಲಿಗ್ ಬೀಳ್ತೀನಿ!” ಅಂದರು. ಗೋಡೆ ಒಡೆದು ಎರಡು ಕಿಟಕಿ ಇಟ್ಟರು. ಆ ದಿನ ನಾನು ಬೀದಿಯಲ್ಲಿ ಎಷ್ಟು ಬೀಗಿದೆನೋ!

ಅವ್ವನ ಕೆಮ್ಮು ಕಮ್ಮಿಯಾಯಿತೇ ಹೊರತು ಬಿಡಲಿಲ್ಲ. ಸೊರಬದ ತವರಿಗೆ ಹೋದಾಗ ಅಲ್ಲಿನ ಡಾಕ್ಟರು ಅವ್ವನಿಂದ ಗಿರಣಿಯ ಕತೆಯನ್ನೆಲ್ಲ ಕೇಳಿ, ಎದೆಗೆ ಕೊಳವೆಯಿಟ್ಟು ನೋಡಿದರು. “ಒಳಗೆ ಕೂತ ಧೂಳು ಇನ್ನು ಈಚೆ ಬರೋದಿಲ್ಲಮ್ಮ. ಕಿಟಕಿ ಇಡ್ಸಿದ್ದು ನಿನಗೆ ತಡ ಆಯ್ತು” ಎಂದರು.

ಅವ್ವ ಸೆರಗು ಸರಿಮಾಡಿಕೊಂಡಳು. “ನನಗಂತ ಎಲ್ಲಿ ಇಡಿಸ್ದೆ ಡಾಕ್ಟ್ರೇ? ಬರೋ ವರ್ಷ ನನ್ನ ಮಗಳು ಅಲ್ಲಿ ಕೂರ್ತಾಳೆ.”

ಆ ಕಿಟಕಿಯ ಕೆಳಗೆ ನಾನು ಇಪ್ಪತ್ತು ವರ್ಷ ಅಕ್ಕಿ ಕೇರಿದೆ. ನನಗೆ ಆ ಕೆಮ್ಮು ಬರಲಿಲ್ಲ.