ಅಂಚಿನಲ್ಲಿ ಹೊಲಿದ ಮಾತು

ಕಮಲಾಪುರದ ಹತ್ತಿರದ ನಮ್ಮ ಲಂಬಾಣಿ ತಾಂಡಾದಲ್ಲಿ ಹನ್ನೊಂದು ಹೆಂಗಸರು ಸೇರಿ ಕಸೂತಿ ಸಂಘ ಕಟ್ಟಿಕೊಂಡಿದ್ದೇವೆ. ಅಕ್ಷರ ಬಲ್ಲವಳು ನಾನೊಬ್ಬಳೇ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಬಟ್ಟೆ ಅಂಗಡಿಗೆ ನಮೂನೆಯೆಂದು ಯಾಡಿ, ಅಂದರೆ ನಮ್ಮವ್ವ, ಒಂದು ದುಪಟ್ಟಾ ಕೊಟ್ಟಿದ್ದಳು. ಕನ್ನಡಿ ಕೂರಿಸಿ ಮೂರು ತಿಂಗಳು ಹೊಲಿದದ್ದು. ಮಾಲೀಕ ಇಪ್ಪತ್ತು ದಿನ ಇಟ್ಟುಕೊಂಡು, ಬೇಡವೆಂದು ವಾಪಸು ಕೊಟ್ಟ.

ದೀಪಾವಳಿಗೆ ಮುಂಚೆ ನಾನೂ ಯಾಡಿಯೂ ಹೋದಾಗ ಅದೇ ಹೂವು, ಅದೇ ಅಂಚಿನ ದುಪಟ್ಟಾಗಳು ಅಂಗಡಿ ಮುಂದೆ ಸಾಲಾಗಿ ನೇತಾಡುತ್ತಿದ್ದವು. 'ಲಂಬಾಣಿ ಕೈಕೆಲಸ' ಎಂಬ ಚೀಟಿ ಬೇರೆ. ಯಾಡಿ ಬೆರಳಾಡಿಸಿ ನೋಡಿದಳು. ದಾರವೇ ಇಲ್ಲ, ಬರೀ ಅಚ್ಚು.

"ಇದು ನಮ್ಮ ಕೆಲಸರೀ" ಎಂದೆ.

ಮಾಲೀಕ ನಕ್ಕ. "ಇದರ ಮ್ಯಾಲ ನಿಮ್ಮ ಹೆಸರು ಬರ್ದದ ಏನು?"

ಗಿರಾಕಿಗಳೂ ನಕ್ಕರು. ಯಾಡಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಬಸ್ಸಿನಲ್ಲಿ ಕಮಲಾಪುರ ಬರುವವರೆಗೂ ಅವನ ಮಾತೇ ನನ್ನ ಕಿವಿಯಲ್ಲಿತ್ತು. ಬರೆದಿರಬೇಕಿತ್ತೇ? ಸರಿ, ಬರೆಯುತ್ತೇನೆ ಅಂದುಕೊಂಡೆ.

ಹೊಸ ದುಪಟ್ಟಾ ನಾನೇ ಹೊಲಿದೆ. ಅಂಚಿನ ಬಳ್ಳಿಯಲ್ಲಿ ಅಕ್ಷರಗಳನ್ನು ಅಡ್ಡ ಮಲಗಿಸಿ, ಬಾಲ ಎಳೆದು, ಸುತ್ತ ಎಲೆ ತುಂಬಿದೆ: 'ಕದ್ದ ಮಾಲು'. ತೋರಿಸಿಕೊಟ್ಟರಷ್ಟೇ ಕಾಣಬೇಕು, ಹಾಗೆ. "ಸೂಜಿ ಹಿಡಿದು ಬೈಗುಳ ಹೊಲೀತೀಯಾ?" ಎಂದು ಯಾಡಿ ಮುಖ ತಿರುವಿದಳು. ನಾನು ಬಿಡಲಿಲ್ಲ. ಒಂದೊಂದು ಹೊಲಿಗೆಗೂ ಅವನ ನಗು ನೆನೆಸಿಕೊಂಡೆ.

"ಹೊಸಾ ನಮೂನಿ ಅದರೀ ಸಾವ್ಕಾರ್ರ" ಎಂದು ನಯವಾಗಿ ಕೊಟ್ಟೆ. ಮತ್ತೆ ಇಟ್ಟುಕೊಂಡ, ಮತ್ತೆ ಬೇಡವೆಂದು ವಾಪಸು ಕೊಟ್ಟ.

ಯುಗಾದಿ ಹೊತ್ತಿಗೆ ಅಂಗಡಿ ತುಂಬ ಅಚ್ಚು ಹಾಕಿದ ನನ್ನ ಬಳ್ಳಿ. ಸಂಘದ ಹನ್ನೊಂದೂ ಜನ ಕನ್ನಡಿ ಲಂಗ ತೊಟ್ಟು ಹೋದೆವು. ಜನ ಗಿಜಿಗುಡುವ ಹೊತ್ತು ನೋಡಿ ಒಂದು ದುಪಟ್ಟಾ ಅಡ್ಡ ಹಿಡಿದು, ಬೆರಳಿಟ್ಟು ಜೋರಾಗಿ ಓದಿದೆ. "ಕದ್ದ ಮಾಲು! ಓದ್ರಿ ಅಕ್ಕಾರ, ನೀವೂ ಓದ್ರಿ." ಒಬ್ಬಾಕೆ ಓದಿದಳು, ಪಕ್ಕದವಳೂ ಓದಿದಳು. ಕಾಲೇಜು ಹುಡುಗಿಯರು ಫೋನು ತೆಗೆದು ವಿಡಿಯೊ ಮಾಡಿದರು.

"ಯಾರ್ ಬರ್ದಾರ ಇದನ್ನ?" ಮಾಲೀಕ ಕೂಗಿದ.

"ನಾನ್ರೀ. ಬರ್ದದ ಏನಂತ ಕೇಳಿದ್ರಲ್ಲ, ಬರ್ದೀನಿ."

ಅವನ ಮುಖ ಬಿಳುಚಿಕೊಂಡಿತು. ಸಂಜೆಯೊಳಗೆ ಎಲ್ಲವನ್ನೂ ಗಂಟು ಕಟ್ಟಿಸಿ ಒಳಗೆ ಹಾಕಿಸಿದನಂತೆ. ಅವನು ತಪ್ಪಾಯಿತು ಅನ್ನಲಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಬೇಕಿದ್ದದ್ದು ಆ ಮುಖ.

ಆ ವಿಡಿಯೊ ನೋಡಿ ಈಗ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಹೆಂಗಸರು ನೇರವಾಗಿ ತಾಂಡಾಕ್ಕೇ ಬರುತ್ತಾರೆ. ಯಾಡಿ ನನ್ನ ದುಪಟ್ಟಾದ ಅಂಚಿನ ಅಕ್ಷರ ಬಿಚ್ಚಿ, ಬರೀ ಎಲೆ ಹೊಲಿದಿಟ್ಟಿದ್ದಾಳೆ. ನಮ್ಮ ಬಟ್ಟೆಯ ಮೇಲೆ ಅವನ ಕಳ್ಳತನ ಯಾಕಿರಬೇಕು ಎಂದು ಅವಳ ವಾದ. ಇರಬೇಕಿತ್ತು ಎಂದೇ ನಾನು ಈಗಲೂ ಜಗಳ ತೆಗೆಯುತ್ತೇನೆ.